ಗಿರಿಜಳ ದನಿಗೆ ಎರಡು ಬಾಗಿಲ ಕಾವಲು

ಕೆಂಪು ದೀಪ ಹತ್ತಿಕೊಂಡು ಕೀಂ ಕೀಂ ಅಂತ ಸದ್ದು ಶುರುವಾದಾಗ ನಾನು ಗಾಜಿನ ಪೆಟ್ಟಿಗೆಯಂಥ ಒಂದು ಪುಟ್ಟ ಕೋಣೆಯಲ್ಲಿ ಬರಿಗಾಲಲ್ಲಿ ನಿಂತಿದ್ದೆ.

ಮುಂದಿನ ಬಾಗಿಲು ತೆರೆಯದು, ಹಿಂದಿನದು ಮುಚ್ಚದು.

ಇದು ಕಳೆದ ಸೋಮವಾರ, ಮಧುಗಿರಿಯಲ್ಲಿ. ನಮ್ಮ ಕಡೆಯ ಲೋಕಲ್ ಚಾನೆಲ್ಲಿನವರ ಹೊಸ ಕಟ್ಟಡದಲ್ಲಿ.

ಅಲ್ಲಿಗೆ ಯಾಕೆ ಹೋದೆ ಅಂದರೆ... ಸ್ವಲ್ಪ ಹಿಂದಿನಿಂದ ಹೇಳಬೇಕು. ನನ್ನ ಹೆಂಡತಿ ಗಿರಿಜ ಹೋಗಿ ಮೂರು ವರ್ಷವಾಯಿತು. ಅವಳ ದನಿ ನನ್ನ ಹಳೇ ಮೊಬೈಲಿನಲ್ಲಿತ್ತು. ಸೊಪ್ಪು ತನ್ನಿ, ಬೇಗ ಬನ್ನಿ, ಮಾತ್ರೆ ನುಂಗಿದ್ರಾ... ಇಂಥವೇ ವಾಯ್ಸ್ ಮೆಸೇಜುಗಳು.

ಈ ಯುಗಾದಿ ಹೊತ್ತಿಗೆ ಆ ಫೋನು ನೀರಿನ ತೊಟ್ಟಿಗೆ ಬಿತ್ತು. ರಿಪೇರಿಯವರು ಕೈ ಚೆಲ್ಲಿದರು.

ಉಳಿದದ್ದು ಒಂದೇ. ಬಹಳ ವರ್ಷಗಳ ಹಿಂದೆ ಈ ಚಾನೆಲ್ಲಿನವರು ಸೋಬಾನೆ ಪದ ಹಾಡುವವರನ್ನು ಕರೆಸಿ ರೆಕಾರ್ಡ್ ಮಾಡಿಕೊಂಡಿದ್ದರು. ಗಿರಿಜ ಹಾಡಿದ್ದಳು.

ಆಗ ಸ್ಟುಡಿಯೋ ಅಂದರೆ ಬಸ್ ಸ್ಟ್ಯಾಂಡ್ ಹಿಂದಿನ ಒಂದು ಬಾಡಿಗೆ ಮನೆ. ಬಾಗಿಲಿಗೆ ಚಿಲಕವೂ ನಿಲ್ಲುತ್ತಿರಲಿಲ್ಲ. ಅವಳು ಹಾಡುವಷ್ಟು ಹೊತ್ತೂ ನಾನು ಹೊರಗೆ ನಿಂತು, ಹೂವಿನವರು ಸೊಪ್ಪಿನವರು ನುಗ್ಗದ ಹಾಗೆ, ಬಾಗಿಲನ್ನು ಎರಡೂ ಕೈಯಲ್ಲಿ ಎಳೆದು ಹಿಡಿದಿದ್ದೆ.

ಹಾಗಾಗಿ ಅವಳ ಹಾಡನ್ನು ನಾನು ಸರಿಯಾಗಿ ಕೇಳಲೇ ಇಲ್ಲ.

ಆ ಕ್ಯಾಸೆಟ್ಟು ಇದೆಯೋ, ಗುಜರಿಗೆ ಹೋಯಿತೋ? ಅದನ್ನು ತಿಳಿಯಲು ಕೊಳಾಲದಿಂದ ಹೊರಟು, ಕೊರಟಗೆರೆಯಲ್ಲಿ ಬಸ್ಸು ಬದಲಿಸಿ ಬಂದಿದ್ದೆ.

ನಾನು ಹೈಸ್ಕೂಲಿನಲ್ಲಿ ಗುಮಾಸ್ತನಾಗಿದ್ದವನು. ಶಾಲೆಯ ಬೀಗದ ಕೈ ಗೊಂಚಲನ್ನು ಉಡುದಾರಕ್ಕೆ ಕಟ್ಟಿಕೊಂಡೇ ಮಲಗುತ್ತಿದ್ದೆ. ನನ್ನ ಮಟ್ಟಿಗೆ ಸೆಕ್ಯೂರಿಟಿ ಅಂದರೆ ಅಷ್ಟೇ. ಇಲ್ಲಿ ನೋಡಿದರೆ ಬೀಗದ ಕೈಯೇ ಇಲ್ಲ!

ಗೇಟಿನಲ್ಲಿ ಸೆಕ್ಯೂರಿಟಿ ಲಕ್ಷ್ಮೀದೇವಿ, ಪಾವಗಡದ ಕಡೆಯ ಹೆಣ್ಣುಮಗಳು. ನನ್ನ ಫೋಟೊ ತೆಗೆದಳು, ಫೋನು ಇಸಿದುಕೊಂಡಳು, ಹೆಬ್ಬೆಟ್ಟನ್ನು ಮಿಷನ್ನಿನ ಮೇಲೆ ಇಡಿಸಿದಳು. ಮೂರು ಸಲವೂ ಮಿಷನ್ನು ಒಲ್ಲೆ ಅಂತು.

"ಏನ್ ತಾತಾ, ಬೆರಳಿಗೆಲ್ಲಾ ಬೂದಿ?"

"ಇಬೂತಿ ಕಣಮ್ಮ. ಸೋಮವಾರ ಅಲ್ವಾ."

"ದೇವ್ರು ಒಪ್ತಾನೆ, ಈ ಮಿಷಿನ್ ಒಪ್ಪಲ್ಲ. ಒರೆಸ್ಕೊಳ್ರಿ."

ಪಂಚೆಯಂಚಿಗೆ ಒರೆಸಿಕೊಂಡೆ. ಹಸಿರು ದೀಪ.

ಹಳೇ ಟೇಪುಗಳ ಉಸ್ತುವಾರಿ ಶಿರಾದ ನಾಸಿರ್ ಅವರದು. "ಒಬ್ಬೊಬ್ರೇ ಬರ್ಬೇಕು ಅಂಕಲ್. ಮೊದಲ್ನೇ ಬಾಗ್ಲು ಮುಚ್ಚಿದ್ ಮ್ಯಾಲೇ ಎರಡ್ನೇದು ತೆಗೆಯೋದು" ಅಂದು ತಾವು ಮುಂದೆ ಹೋದರು.

ನಾನು ಗಾಜಿನಾಚೆ ನೋಡಿದೆ. ಸಾಲು ಸಾಲು ನೀಲಿ ದೀಪ, ತಣ್ಣಗಿನ ಗಾಳಿ, ಒಂದು ಕಣ ಧೂಳಿಲ್ಲ. ಗರ್ಭಗುಡಿ ಅನ್ನಿಸಿಬಿಟ್ಟಿತು. ಕಾಲು ತಾನಾಗಿಯೇ ಚಪ್ಪಲಿ ಬಿಟ್ಟಿತು. ಹೊಸಿಲಿನ ಮೇಲೆ ಜೋಡಿಸಿಟ್ಟು ಒಳಗೆ ಹೆಜ್ಜೆಯಿಟ್ಟೆ.

ಆಗಲೇ ಆ ಕೆಂಪು ದೀಪ. ಮೇಲಿನಿಂದ ಒಂದು ಹೆಣ್ಣುದನಿ, "ಪ್ಲೀಸ್ ಕ್ಲೋಸ್ ದ ಡೋರ್." ನಾನು ಗಾಬರಿಯಲ್ಲಿ "ಎಕ್ಸ್‌ಕ್ಯೂಸ್ ಮಿ ಮೇಡಂ, ಐ ಆಮ್ ನಾಟ್ ದಟ್ ಪರ್ಸನ್" ಅಂದೆ. ಯಾವ ಪರ್ಸನ್ನೋ ಏನೋ.

ಹಿಂದಿನಿಂದ ಲಕ್ಷ್ಮೀದೇವಿ ಕೂಗಿದಳು. "ತಾತಾ, ಚಪ್ಲಿ ಅಡ್ಡ ಐತೆ! ಒಳಿಕ್ಕೆ ಎತ್ಕೊಳ್ರಿ!"

"ಒಳಗೆ ಚಪ್ಲೀನಾ? ತಪ್ಪಲ್ವೇನಮ್ಮ?"

"ಅಯ್ಯೋ ರಾಮಾ, ಬಾಗ್ಲು ಮುಚ್ಚದಿದ್ರೇ ತಪ್ಪು! ಇನ್ನರ್ಧ ನಿಮ್ಷ ಇಂಗೇ ಇದ್ರೆ ಎಲ್ಲಾ ಲಾಕ್ ಆಗ್ತೈತೆ. ಆಮ್ಯಾಕೆ ತುಮಕೂರಿಂದ ಇಂಜಿನಿಯರ್ ಬರ್ಬೇಕು. ಇವತ್ತಿಗೆ ನಿಮ್ ಕ್ಯಾಸೆಟ್ ಇಲ್ಲ!"

ಚಪ್ಪಲಿ ಎತ್ತಿ ಕಂಕುಳಿಗೆ ಸೇರಿಸಿದೆ. ಹಿಂದಿನ ಬಾಗಿಲು ಉಸ್ಸೆಂದು ಮುಚ್ಚಿತು. ಒಂದು ಉಸಿರಿನಷ್ಟು ಹೊತ್ತು... ಮುಂದಿನದು ತೆರೆಯಿತು.

ಕಾಲೇಜಿನಲ್ಲಿ ಇಂಗ್ಲಿಷ್ ಮೇಷ್ಟ್ರು ಕಿಟಕಿಯಿಂದ ಮಧುಗಿರಿ ಬೆಟ್ಟದ ಕೋಟೆ ತೋರಿಸಿ 'ಇಂಪ್ರೆಗ್ನಬಲ್', ಅಂದರೆ ಯಾರೂ ನುಗ್ಗಲಾಗದ್ದು, ಅನ್ನುವ ಪದ ಹೇಳಿಕೊಟ್ಟಿದ್ದರು. ಸ್ಪೆಲ್ಲಿಂಗ್ ಮರೆತಿದೆ. ಅರ್ಥ ಮಾತ್ರ ಆ ಕೋಣೆಯಲ್ಲಿ ನಿಂತಾಗ ಮೈಗೆ ತಟ್ಟಿತು.

ನಾಸಿರ್ ಒಂದೊಂದೇ ತೋರಿಸಿದರು. ಬೆಂಕಿ ಬಿದ್ದರೆ ಇಲ್ಲಿ ನೀರು ಚಿಮ್ಮುವುದಿಲ್ಲವಂತೆ, ಟೇಪು ಹಾಳಾಗದ ಹಾಗೆ ಒಂದು ಗ್ಯಾಸು ಬಂದು ಬೆಂಕಿ ಆರಿಸುತ್ತದಂತೆ. ಯಾರು, ಯಾವಾಗ, ಯಾವ ಬಾಗಿಲು ದಾಟಿದರು, ಎಲ್ಲಾ ದಾಖಲು. ನನ್ನ ಚಪ್ಪಲಿಯೂ ಸೇರಿ!

ಟೇಪಿನ ಬೀರು ತೆಗೆಯಲು ನಾಸಿರ್ ಒಬ್ಬರ ಬೆರಳು ಸಾಲದು. ಗೇಟಿಗೆ ಬೇರೊಬ್ಬರನ್ನು ನಿಲ್ಲಿಸಿ ಲಕ್ಷ್ಮೀದೇವಿಯೂ ಬರಬೇಕು. ನಮ್ಮೂರ ದೇವಸ್ಥಾನದ ಹುಂಡಿಗೆ ಎರಡು ಬೀಗ ಹಾಕಿ ಇಬ್ಬರ ಕೈಗೆ ಕೊಡುತ್ತಾರಲ್ಲ, ಹಾಗೆ.

ಅವಳು ಬಂದವಳೇ, "ಇನ್ನೂ ಕಂಕುಳಾಗೇ ಇಟ್ಕೊಂಡಿದೀರಾ? ಕಾಲಿಗ್ ಹಾಕ್ಕೊಳ್ರಿ ತಾತಾ, ಯಾರೂ ಕದಿಯಲ್ಲ" ಅಂದಳು.

ನಾನು ಕೇಳಿಯೇಬಿಟ್ಟೆ. "ಅಲ್ಲಾ ನಾಸಿರ್, ಇಷ್ಟೊಂದು ಕಾವಲು ಹಾಕೋಕೆ ಇಲ್ಲೇನಪ್ಪಾ ಐತೆ ಅಂಥಾದ್ದು?"

"ನಿಮ್ಮನೆಯೋರಂಥೋರು ಅವ್ರೆ ಅಂಕಲ್. ಇನ್ನೊಂದ್ ಸಲ ಹಾಡ್ಸೋಕಾಗಲ್ವಲ್ಲ."



ಇಬ್ಬರೂ ಬೆರಳಿಟ್ಟರು. ಬೀರು ತೆರೆಯಿತು. ಮೂರನೇ ಸಾಲಿನಲ್ಲಿ, ಬಣ್ಣ ಮಾಸಿದ ಚೀಟಿಯ ಮೇಲೆ, 'ಗಿರಿಜಮ್ಮ, ಕೊಳಾಲ'.

ಇದೆ. ಇದ್ದಾಳೆ!

ನಾಸಿರ್ ನನ್ನ ಕಿವಿಗೆ ಹೆಡ್‌ಫೋನ್ ಹಾಕಿದರು. ಮೊದಲು ಒಂದು ಕೆಮ್ಮು. ನನಗೆ ಗೊತ್ತಿರುವ ಕೆಮ್ಮು. ಆಮೇಲೆ ಹಾಡಲ್ಲ, ಮಾತು.

"ರೀ... ಬಾಗ್ಲು ಬುಡಬ್ಯಾಡ್ರಿ. ಗಟ್ಟಿಯಾಗ್ ಹಿಡ್ಕೊಂಡಿರ್ರಿ."

ಟೇಪಿನಲ್ಲಿ ಅಲ್ಲಿದ್ದವರೆಲ್ಲ ನಗುತ್ತಾರೆ. ದೂರದಲ್ಲಿ, ಬಾಗಿಲಾಚೆಯಿಂದ, "ಹ್ಞೂಂ" ಅನ್ನುತ್ತಿರುವುದು ನಾನೇ. ಆಮೇಲೆ ಅವಳು ಹಾಡುತ್ತಾಳೆ. ಕೊನೆಯವರೆಗೆ ಕೇಳುತ್ತೇನೆ. ಮೊದಲನೇ ಸಲ.

ಹಾಡು ಮುಗಿದಾಗ ನೋಡಿಕೊಂಡರೆ, ನನ್ನ ಎರಡೂ ಕೈ ಮೇಜಿನ ಅಂಚನ್ನು ಬಿಗಿಯಾಗಿ ಹಿಡಿದುಕೊಂಡಿದ್ದವು.

ಕಾಪಿ ಕೊಡುತ್ತಾರಂತೆ. 'ಕೈಂಡ್ಲಿ ಡೂ ದ ನೀಡ್‌ಫುಲ್' ಅಂತ ಬರೆದು ಅರ್ಜಿ ಕೊಟ್ಟು ಬಂದಿದ್ದೇನೆ.

ಅವತ್ತು ಚಿಲಕವಿಲ್ಲದ ಬಾಗಿಲನ್ನು ನಾನೊಬ್ಬ ಹಿಡಿದಿದ್ದೆ, ಇವತ್ತು ಒಂದು ಕಟ್ಟಡಕ್ಕೆ ಕಟ್ಟಡವೇ ಹಿಡಿದುಕೊಂಡು ನಿಂತಿದೆ... ನಿಮ್ಮ ಮನೆಯವರ ದನಿ ಎಲ್ಲಿದೆ, ಅದರ ಬಾಗಿಲನ್ನು ಯಾರು ಹಿಡಿದಿದ್ದಾರೆ?