ಗಂಟಿಗಷ್ಟೇ ಥಂಡಿ

ಬಾಗಲಕೋಟೆಯ ಒಬ್ಬ ಚರ್ಮದ ಡಾಕ್ಟರು ರೋಗಿಯನ್ನು ಮುಟ್ಟುವ ಮುನ್ನ ಅಂಗೈ ಉಜ್ಜಿ ಬೆಚ್ಚಗೆ ಮಾಡಿಕೊಳ್ಳುತ್ತಿದ್ದರು. ಹಳೆಯ ಗಾಯದ ಮೇಲೆ ಉಬ್ಬಿ ಬೆಳೆದ ಗಂಟಿನೊಳಗೆ ಸೂಜಿ ತೂರಿಸಿ, ಮಂಜುಗಡ್ಡೆಗಿಂತ ತಣ್ಣನೆಯ ದ್ರವ ಹಾಯಿಸಿ, ಅದನ್ನು ಒಳಗಿನಿಂದಲೇ ಕುಗ್ಗಿಸುವುದು ಅವರ ಕಸುಬು. “ಗಂಟಿಗಷ್ಟ ಥಂಡಿರಿ, ನಿಮಗಲ್ಲ” ಎಂದು ಬಂದವರಿಗೆಲ್ಲ ಹೇಳುವರು.

ಕಿವಿ ಚುಚ್ಚಿಸಿದಲ್ಲಿ ಗಂಟು ಬೆಳೆದು, ಇಳಕಲ್ಲಿನ ನಮ್ಮಜ್ಜಿಗೆ ಬುಗುಡಿ ಇಡಲಾಗುತ್ತಿರಲಿಲ್ಲ. ಬುಗುಡಿಯ ಆಸೆಗೆ ಬಂದಳೇನೋ ನಿಜ. ಆದರೆ ಕಿವಿಯೊಳಗೆ ಥಂಡಿ ಹೊಕ್ಕೀತೆಂದು ಉರಿಬಿಸಿಲಲ್ಲೂ ಕೌದಿ ಹೊದ್ದು ಕೂತಳು.

ಡಾಕ್ಟರು ನಗಲಿಲ್ಲ. ತಮ್ಮ ಮಾತನ್ನೇ ಮತ್ತೆ ಹೇಳಿದರು. ಅಜ್ಜಿ ಅಲುಗಲಿಲ್ಲ. ಆಗ ಅವರೇ ಎದ್ದು ಫ್ಯಾನು ಆರಿಸಿ, ಕೌದಿಯಿಂದ ಆ ಕಿವಿಯೊಂದನ್ನೇ ಹೊರಗೆಳೆದು ಕೆಲಸ ಮುಗಿಸಿದರು. ಅಷ್ಟರಲ್ಲಿ ಅವರ ಅಂಗಿ ಬೆವರಿಗೆ ತೊಯ್ದು ತೊಪ್ಪೆಯಾಗಿತ್ತು.

ಅಜ್ಜಿ ಕೌದಿಯೊಳಗಿಂದ ಇಣುಕಿದಳು: “ಅಯ್ಯ ಡಾಕ್ಟರ, ಥಂಡಿ ಉಳಿದಿದ್ರ ನೀವೂ ಒಂದೀಟು ಚುಚ್ಕೋರಿ.”