ನಡೆದು ತೋರ್ಸಿ ಎನ್ನುತ್ತಿದ್ದ ಕೋಚಕ್ಕ

ಕೋಚಕ್ಕನ ಮೂಗು ಎಡಕ್ಕೆ ವಾಲಿತ್ತು. ನಡುವೆ ಒಂದು ಗಂಟು, ಅಲ್ಲಿಂದ ಕೆಳಕ್ಕೆ ಮೂಗು ತನ್ನ ದಾರಿ ತಾನು ಹಿಡಿದಿತ್ತು. ನಮ್ಮೂರಿನ ಹೆಂಗಸರು ಅದನ್ನು ಕಂಡ ಕೂಡಲೇ ಲೊಚಗುಟ್ಟಿ, "ಗಂಡ ಒಡ್ದಿದ್ದಾ ಕಣಕ್ಕ?" ಎಂದು ಕೇಳುತ್ತಿದ್ದರು. ಹೆಂಗಸಿನ ಮುಖದ ಮೇಲೆ ಪೆಟ್ಟು ಕಂಡರೆ ನಮ್ಮ ಕಡೆ ಬೇರೆ ಪ್ರಶ್ನೆಯೇ ಹುಟ್ಟುವುದಿಲ್ಲ. ಕೋಚಕ್ಕ ಪಕಪಕ ನಕ್ಕು, "ಅಯ್ಯೋ ಪಾಪ, ಅವರಿಗ್ಯಾಕೆ ಕೆಟ್ಟೆಸ್ರು? ಸೊಳ್ಳೆ ಒಡಿಯಕ್ಕೂ ಯೋಚ್ನೆ ಮಾಡ್ತಾರೆ. ಇದು ಕಬಡ್ಡೀಲಿ ಭೇರ್ಯದ ಉಡುಗಿ ಮೊಣಕೈಲಿ ಕೊಟ್ಟಿದ್ದು. ಔಟ್ ಆಗಿದ್ದೂ ನಾನೆ, ಮೂಗು ಓಗಿದ್ದೂ ನಂದೆ!" ಎನ್ನುತ್ತಿದ್ದರು.

ಕಾಲೇಜಿನವರೆಗೂ ಕಬಡ್ಡಿ ಆಡಿದವರು. ಆಮೇಲೆ ಕೆ.ಆರ್. ನಗರದ ಕಡೆ ಹೆಣ್ಣುಮಕ್ಕಳ ತಂಡಗಳಿಗೆ ಕೋಚ್ ಆದರು. ಆಟಕ್ಕೆ ಬರುವ ಹುಡುಗಿಯರ ಮೈಮೇಲೆ ಆಟದ್ದಲ್ಲದ ಬಾಸುಂಡೆಗಳನ್ನು ಕಂಡು ಕಂಡು ತಲೆ ಕೆಟ್ಟು, ಅವರ ಮನೆಗಳಿಗೇ ಹೋಗತೊಡಗಿದರು. ನಾನು ನೋಡುವ ಹೊತ್ತಿಗೆ ಹುಣಸೂರಿನ ಒಂದು ಸಂಸ್ಥೆಯಲ್ಲಿ ಅದೇ ಅವರ ಕೆಲಸ: ಮಕ್ಕಳಿಗೆ, ಅಪ್ಪ ಅಮ್ಮಂದಿರಿಗೆ ಕೋಚಿಂಗ್. ಜಗಳದ ಮನೆಯಲ್ಲಿ ಹೇಗೆ ಬದುಕುವುದು, ಸಿಟ್ಟು ಬಂದರೆ ಏನು ಮಾಡುವುದು ಎಂದು ಹೇಳಿಕೊಡುವುದು. ನಮ್ಮವ್ವ ಕೋಚಿಂಗ್ ಎಂದರೆ ಟ್ಯೂಷನ್ ಇರಬೇಕು, ಮಗಳಿಗೆ ಲೆಕ್ಕ ಬಂದೀತು ಎಂದುಕೊಂಡು ನನ್ನ ಕೈಗೆ ಪುಸ್ತಕ ಕೊಟ್ಟು, ಅವರು ಬಂದು ಕೂರುತ್ತಿದ್ದ ಶಾಲೆಯ ಜಗುಲಿಗೆ ಅಟ್ಟಿದಳು.

"ಲೆಕ್ಕ ನಂಗೂ ಬರಕ್ಕಿಲ್ಲ ಮಗ," ಎಂದರು ಕೋಚಕ್ಕ. ಆಮೇಲೆ ನನ್ನನ್ನೇ ನೋಡಿ, "ಕುತ್ಗೆ ತವ ಅದೇನು ಕಪ್ಪಗೆ?" ಎಂದರು.

"ಬಿದ್ದೆ."

"ಕುತ್ಗೆ ಮೇಲೆ ಬಿದ್ದೋರ್ನ ನಾನು ನೋಡೇ ಇಲ್ವಲ್ಲ," ಎಂದು ಪಕ್ಕದಲ್ಲಿ ಕೂರಿಸಿಕೊಂಡರು. ಮತ್ತೇನೂ ಕೇಳಲಿಲ್ಲ. ಮಾರನೆಯ ದಿನ ನಾನಾಗಿಯೇ ಹೋದೆ.

ಅವರದೊಂದು ಪದ್ಧತಿ ಇತ್ತು. ಆಟದಲ್ಲಿ ಸೋತ ತಂಡವನ್ನು ಬೈಯುತ್ತಿರಲಿಲ್ಲವಂತೆ. ವಾಪಸ್ ಮೈದಾನಕ್ಕೆ ಇಳಿಸಿ, ಸೋತದ್ದನ್ನೇ ನಿಧಾನಕ್ಕೆ ನಡೆದು ತೋರಿಸಲು ಹೇಳುತ್ತಿದ್ದರಂತೆ. ಓಡುವ ಹಾಗಿಲ್ಲ, ಮುಟ್ಟುವ ಹಾಗಿಲ್ಲ. ಯಾರು ಎಲ್ಲಿ ನಿಂತಿದ್ದರು, ಯಾರ ಕಾಲು ಮೊದಲು ಎದ್ದಿತು, ಎಲ್ಲಿ ತಡೆಯಬಹುದಿತ್ತು, ಇಷ್ಟೇ. ಮನೆಗಳಲ್ಲೂ ಅದನ್ನೇ ಮಾಡಿಸುತ್ತಿದ್ದರು. ಹೊಡೆದಾಟ ಆಗಿ ಸಿಟ್ಟು ಆರಿದ ಮೇಲೆ, ಹಾಡಹಗಲು, ಅಂಗಳದಲ್ಲಿ: "ನಡೆದು ತೋರ್ಸಿ." ಏಟು ತಿಂದವಳು ಜಗುಲಿಯ ಮೇಲೆ ಕೂರಬೇಕು, ಅವಳ ಜಾಗದಲ್ಲಿ ಕೋಚಕ್ಕ ನಿಲ್ಲುತ್ತಿದ್ದರು. ಮಕ್ಕಳು ಆವತ್ತು ಎಲ್ಲಿದ್ದರೋ ಅಲ್ಲೇ ನಿಲ್ಲಬೇಕು. ಹೊಡೆದವನು ಕೈ ಎತ್ತುವ ಮೊದಲು ಏನು ಮಾಡುತ್ತೇನೆಂದು ಬಾಯಿಬಿಟ್ಟು ಹೇಳಬೇಕು. "ಈಗ ಜುಟ್ಟು ಇಡೀತೀನಿ" ಎಂದು ಹೇಳಿ ನಿಧಾನಕ್ಕೆ ಕೈ ಚಾಚುವುದಿದೆಯಲ್ಲ, ಮೀಸೆ ತಿರುವುವ ಗಂಡಸರಿಗೂ ಬಾಯಿ ಒಣಗುತ್ತಿತ್ತು.

ಎಲ್ಲರೂ ಒಪ್ಪುತ್ತಿದ್ದರೇ? ಸರಗೂರಿನ ಕಡೆ ಒಬ್ಬ ನಾಯಿ ಛೂ ಬಿಟ್ಟ. ಪಿರಿಯಾಪಟ್ಟಣದ ಕಡೆ ಒಬ್ಬ ಸಗಣಿ ನೀರನ್ನು ಮುಖಕ್ಕೆ ಎರಚಿದ. ಕೋಚಕ್ಕ ಸೆರಗು ಹಿಂಡಿಕೊಂಡು, "ಸ್ನಾನ ಆಯ್ತು. ಇನ್ನು ಕೆಲ್ಸ ನೋಡನ ಕಣಣ್ಣ," ಎಂದರಂತೆ.

ನಮ್ಮಪ್ಪ ಕುಡಿಯುತ್ತಿರಲಿಲ್ಲ. ಬೇರೆ ಮನೆಗಳಲ್ಲಿ "ಕುಡುದ್ರೆ ಒಡೀತಾನೆ, ಇಲ್ದಿದ್ರೆ ಒಳ್ಳೇವ್ನೆ" ಎಂಬ ಸಮಾಧಾನವಾದರೂ ಇತ್ತು, ನಮಗೆ ಅದೂ ಇರಲಿಲ್ಲ. ನೀರು ಕಾಯಿಸಿದಷ್ಟೇ ಸಲೀಸಾಗಿ ಹೊಡೆಯುತ್ತಿದ್ದ. ಹೊಗೆಸೊಪ್ಪಿನ ಕಾಲದಲ್ಲಂತೂ ಕೇಳುವುದೇ ಬೇಡ. ನಮ್ಮದು ಹುಣಸೂರು ತಾಲ್ಲೂಕಿನ ಹೊಗೆಸೊಪ್ಪಿನ ಊರು, ಪ್ರತಿ ಮನೆಯ ಹಿಂದೆಯೂ ಸೊಪ್ಪು ಹದ ಮಾಡುವ ಬ್ಯಾರನ್. ಒಳಗೆ ಸೊಪ್ಪು ಕಟ್ಟಿದ ಕಡ್ಡಿಗಳನ್ನು ತೂಗುಹಾಕಿ, ಹೊರಗಿನ ಒಲೆಗೆ ಹಗಲೂ ರಾತ್ರಿ ಸೌದೆ ಒಡ್ಡಬೇಕು. ಬೆಂಕಿ ಏರಿದರೂ ಕೆಟ್ಟಿತು, ಇಳಿದರೂ ಕೆಟ್ಟಿತು. ಗಂಡಸರು ನಿದ್ದೆಗೆಟ್ಟು ಕೆಂಗಣ್ಣು ಮಾಡಿಕೊಂಡು ತಿರುಗುತ್ತಿದ್ದರು. ಹೆಂಗಸರೂ ನಿದ್ದೆಗೆಡುತ್ತಿದ್ದರು, ಅದನ್ನು ಯಾರೂ ಲೆಕ್ಕಕ್ಕಿಡುತ್ತಿರಲಿಲ್ಲ.

ಆವತ್ತು ಅಪ್ಪ ಅವ್ವನನ್ನು ಒಲೆಯ ಮುಂದೆ ಕೂರಿಸಿ ಮಲಗಲು ಹೋಗಿದ್ದ. ಅವ್ವ ತೂಕಡಿಸಿದಳು. ಬೆಳಕು ಹರಿದ ಮೇಲೆ ಅಪ್ಪ ಬಂದು ನೋಡಿದರೆ ಒಲೆ ತಣ್ಣಗೆ, ಸೊಪ್ಪು ಕಪ್ಪಗೆ. ಸೌದೆ ಎತ್ತಿಕೊಂಡ. ಒಂದೇಟು ಬೆನ್ನಿಗೆ ಬಿತ್ತು, ಇನ್ನೊಂದು ತಲೆಗೆ. ಅವ್ವ ಬಿದ್ದ ಮೇಲೂ ನಿಲ್ಲಿಸಲಿಲ್ಲ. ಸೌದೆ ಮುರಿಯಿತು. ರಾಶಿಯಲ್ಲಿ ಕೈಯಾಡಿಸಿ, ಗಟ್ಟಿಯಾದದ್ದು ನೋಡಿ ಮತ್ತೊಂದು ತೆಗೆದುಕೊಂಡ. ಏಟನ್ನಾದರೂ ಮರೆತೇನು, ಹಾಗೆ ಆರಿಸಿ ತೆಗೆದುಕೊಂಡನಲ್ಲ, ಅದನ್ನು ನೆನೆದರೆ ಇವತ್ತಿಗೂ ನನ್ನ ಮೈ ಉರಿಯುತ್ತದೆ.

ನಾನು ಆ ಸೌದೆ ರಾಶಿಯ ಹಿಂದೆಯೇ ಇದ್ದೆ. ಕೈಯಲ್ಲಿ ತೆಂಗಿನಕಾಯಿ ಕೆತ್ತುವ ಮಚ್ಚು ಇತ್ತು. ಕಾಲು ಏಳಲಿಲ್ಲ, ಅಷ್ಟೆ. ಮುಂದಿನ ಸಲ ಏಳುತ್ತದೆ, ಇವನನ್ನು ಕಡಿದೇ ಕಡಿಯುತ್ತೇನೆ ಎಂದು ತೀರ್ಮಾನ ಮಾಡಿ ಮಚ್ಚನ್ನು ಅಲ್ಲೇ ಬಚ್ಚಿಟ್ಟೆ. ನನಗಾಗ ಹದಿಮೂರು ವರ್ಷ.

ಹುಣಸೂರಿನ ಆಸ್ಪತ್ರೆಯಲ್ಲಿ ಅವ್ವನ ತಲೆಗೆ ಹೊಲಿಗೆ ಹಾಕಿದರು. ಪೊಲೀಸ್ ಕಂಪ್ಲೇಂಟ್ ಎಂದರೆ ಅವ್ವ ಬಿಲ್‌ಕುಲ್ ಒಲ್ಲೆ ಎಂದಳು. "ಕೊಡದು ಬುಡದು ನಿನ್ನಿಷ್ಟ ಕಣವ್ವ," ಎಂದ ಕೋಚಕ್ಕ ನಮ್ಮಿಬ್ಬರನ್ನೂ ಭೇರ್ಯದ ಹತ್ತಿರ ಇದ್ದ ಸೋದರಮಾವನ ಮನೆಗೆ ಬಿಟ್ಟು ಬಂದರು. ಅವರ ಉಪಾಯ ಆಮೇಲೆ ಗೊತ್ತಾಯಿತು. ಹೊಲದಲ್ಲಿ ಸೊಪ್ಪು ಹಣ್ಣಾಗಿ ನಿಂತಿತ್ತು, ಕಡ್ಡಿಗೆ ಕಟ್ಟಲು ಮನೆಯಲ್ಲಿ ಕೈ ಇರಲಿಲ್ಲ. ಅಪ್ಪ ತಾನಾಗಿಯೇ ಭೇರ್ಯಕ್ಕೆ ಬಂದ. ಅಲ್ಲಿ ಅವನಿಗಿಂತ ಮೊದಲು ಕೋಚಕ್ಕ ಬಂದು ಕೂತಿದ್ದರು.

"ಕರ್ಕೊಂಡೋಗಿ, ಯಾರ್ ಬ್ಯಾಡ ಅಂದೋರು? ಮೊದ್ಲು ಆವತ್ತು ಮಾಡಿದ್ದನ್ನ ಒಂದ್ಸಲ ನಡೆದು ತೋರ್ಸಿ."

"ನಾನೇನ್ ನಾಟ್ಕದವ್ನಾ?"

"ನಾಟ್ಕ ಅಲ್ಲ ಕಣಣ್ಣ. ನೀವೇ ಮಾಡಿದ್ದು. ಆವತ್ತು ಆಗ್ದಿದ್ದ ನಾಚ್ಕೆ ಇವತ್ತ್ಯಾಕೆ?"

ಅಪ್ಪ ಹಲ್ಲು ಕಡಿದುಕೊಂಡು ಒಪ್ಪಿದ. ನಾಲ್ಕು ಜನ ನಮ್ಮೂರಿಗೆ ಬಂದೆವು, ಮಾವನೂ ಜೊತೆಗೆ ಬಂದ. ಮಧ್ಯಾಹ್ನದ ಬಿಸಿಲು. ಅವ್ವನನ್ನೂ ಮಾವನನ್ನೂ ಜಗುಲಿಯ ಮೇಲೆ ಕೂರಿಸಿ ಕೋಚಕ್ಕ ನನ್ನ ಕಡೆ ತಿರುಗಿ, "ನೀನೆಲ್ಲಿದ್ದೆ ಮಗ?" ಎಂದರು. ನಾನು ಸೌದೆ ರಾಶಿಯ ಹಿಂದೆ ಹೋಗಿ ನಿಂತೆ. ಮಚ್ಚು ಇಟ್ಟ ಜಾಗದಲ್ಲೇ ಇತ್ತು.

ಕೋಚಕ್ಕ ಒಲೆಯ ಮುಂದೆ ಅವ್ವನ ಹಾಗೆ ಕುಕ್ಕರಗಾಲಿನಲ್ಲಿ ಕೂತರು. ಅಪ್ಪ "ಸೌದೆ ತಕ್ಕೊತೀನಿ" ಎಂದು ಗೊಣಗಿ ಸೌದೆ ತೆಗೆದುಕೊಂಡ. ಆವತ್ತು ಅವ್ವ ಆಡಿದ ಮಾತನ್ನೇ ಕೋಚಕ್ಕ ಆಡಿದರು: "ಕಣ್ಣು ಮುಚ್ಚೋಯ್ತು ಕಣ್ರೀ. ನಂಗೂ ನಿದ್ದೆ ಬರಕ್ಕಿಲ್ವಾ? ನಾನೇನ್ ಮರದ ಬೊಂಬೆಯಾ?"

ಇನ್ನು ಅಪ್ಪ "ಬೆನ್ನಿಗೆ ಒಡೀತೀನಿ" ಎನ್ನಬೇಕಿತ್ತು. ಎನ್ನಲಿಲ್ಲ. ಅವನ ಮುಖ ಆವತ್ತಿನ ಮುಖವೇ ಆಗಿಹೋಯಿತು. ಸೌದೆ ಬೀಸಿದ. ಕೋಚಕ್ಕ ಎಡಗೈ ಅಡ್ಡ ಕೊಟ್ಟರು. ಮೂಳೆ ಲಟಕ್ಕೆಂದದ್ದು ನನಗೆ ಕೇಳಿಸಿತು. ಅವರು ಪಕ್ಕಕ್ಕೆ ಉರುಳಿದರು. ಅಪ್ಪ ಮತ್ತೆ ಸೌದೆ ಎತ್ತಿದ.

ಈ ಸಲ ನನ್ನ ಕಾಲು ಎದ್ದಿತು. ಮಚ್ಚನ್ನು ಎರಡೂ ಕೈಯಲ್ಲಿ ಹಿಡಿದು ಹಿಂದಿನಿಂದ ನುಗ್ಗಿದೆ. ಅಪ್ಪನ ಕತ್ತು ನನಗೆ ಚೆನ್ನಾಗಿ ಕಾಣುತ್ತಿತ್ತು. ಬೇರೆ ಏನೂ ಕಾಣುತ್ತಿರಲಿಲ್ಲ. ಕೈ ಎತ್ತಿದೆ, ಅಷ್ಟರಲ್ಲಿ ನನ್ನ ಕಾಲಿನ ಗಿಣ್ಣನ್ನು ಯಾರೋ ಹಿಡಿದು ಎಳೆದರು. ಗಲ್ಲ ನೆಲಕ್ಕೆ ಬಡಿದು ಹರಿಯಿತು. ಮಚ್ಚು ಅಪ್ಪನ ಹಿಮ್ಮಡಿಯನ್ನು ಸೀಳಿಕೊಂಡು ಆಚೆಗೆ ಬಿತ್ತು.

ಮುರಿದ ಕೈ ನೆಲದಲ್ಲಿ ಜೋತಾಡುತ್ತಿದ್ದರೂ ಕೋಚಕ್ಕ ಹಿಡಿದದ್ದು ಅಪ್ಪನನ್ನಲ್ಲ, ನನ್ನನ್ನು. "ಬುಡಿ! ಆವತ್ತೇ ಕಡೀಬೇಕಿತ್ತು ಇವನ್ನ, ಬುಡಿ ನನ್ನ!" ಎಂದು ಅರಚುತ್ತಾ ಇನ್ನೊಂದು ಕಾಲಿನಿಂದ ಅವರ ಮುಖಕ್ಕೇ ಒದ್ದೆ. ತುಟಿ ಒಡೆದು ರಕ್ತ ಬಂತು.

"ಬುಡಕ್ಕಿಲ್ಲ ಕಣ್ ಮಗ. ಒದಿ, ಎಷ್ಟ್ ಬೇಕೋ ಒದಿ. ಬುಡಕ್ಕಿಲ್ಲ."

ಮಾವ ಓಡಿಬಂದು ಅಪ್ಪನ ಕೈಯಿಂದ ಸೌದೆ ಕಿತ್ತ. ಕಿತ್ತುಕೊಳ್ಳಲು ಕಷ್ಟವೇನೂ ಆಗಲಿಲ್ಲ. ಅಪ್ಪ ಹಿಂದೆ ತಿರುಗಿ ಮಚ್ಚನ್ನೂ ನನ್ನನ್ನೂ ನೋಡುತ್ತಾ ನಿಂತುಬಿಟ್ಟಿದ್ದ. ಆಗ ಕೋಚಕ್ಕ 'ಅಣ್ಣ', 'ನೀವು' ಎಲ್ಲ ಬಿಟ್ಟು ನೇರ ಏಕವಚನಕ್ಕೇ ಇಳಿದರು. "ನೋಡ್ದಾ? ಆವತ್ತೂ ಇವ್ಳು ಇಲ್ಲೇ ನಿಂತಿದ್ಲು, ಇದ್ನೇ ಇಡ್ಕಂಡು. ಎಡ್ತೀಗೆ ಬುದ್ಧಿ ಕಲಿಸ್ತಿದ್ದೀನಿ ಅನ್ಕಂಡಿದ್ದೆ ಅಲ್ವಾ ನೀನು? ಕೊಲೆ ಮಾಡದು ಎಂಗೆ ಅಂತ ಮಗೀಗೆ ಕಲಿಸ್ತಿದ್ದೆ ಕಣಯ್ಯ."

ಅಪ್ಪ ರಕ್ತ ಸುರಿಯುವ ಕಾಲನ್ನು ಹಿಡಿದುಕೊಂಡು ಅಲ್ಲೇ ಕೂತ.

"ಅವಳ ಏಟಿಗೆ ಕಂಪ್ಲೇಂಟ್ ಕೊಡದು ಅವಳಿಷ್ಟ, ನನ್ನ ಏಟಿಗೆ ನನ್ನಿಷ್ಟ," ಎಂದು ಕೋಚಕ್ಕ ಆ ಸಂಜೆಯೇ ಕಂಪ್ಲೇಂಟ್ ಕೊಟ್ಟರು. ಅಪ್ಪ ಜೈಲು ನೋಡಿ ಬಂದ. ಬಂದವನು ದೇವರಾಗಲಿಲ್ಲ, ಸುಳ್ಳೇಕೆ ಹೇಳಲಿ? ಅರಚಿದ, ಪಾತ್ರೆ ಒಡೆದ, ಒಮ್ಮೆ ಎಮ್ಮೆಯ ಕೊಂಬು ಮುರಿದ. ಆದರೆ ಅವ್ವನ ಮೇಲಾಗಲಿ ನನ್ನ ಮೇಲಾಗಲಿ ಮತ್ತೆ ಕೈ ಎತ್ತಲಿಲ್ಲ. ಅವ್ವನೂ ಮೊದಲಿನ ಅವ್ವನಾಗಿರಲಿಲ್ಲ. ದನಿ ಏರಿದರೆ ಸಾಕು, ಸೊಪ್ಪು ಹಣ್ಣಾಗಿದ್ದರೂ ಸೆರಗು ಕೊಡವಿ ಭೇರ್ಯದ ಬಸ್ಸು ಹತ್ತುತ್ತಿದ್ದಳು.

ಕೋಚಕ್ಕನ ತಪ್ಪೂ ಇತ್ತು, ಅದನ್ನು ಅವರೇ ಒಪ್ಪುತ್ತಿದ್ದರು. "ಅಂಥೋನ ಕೈಗೆ ನಿಜವಾದ ಸೌದೆ ಕೊಟ್ನಲ್ಲ, ನನ್ನಂಥ ಪೆದ್ದಿ ಯಾರೂ ಇಲ್ಲ," ಎನ್ನುತ್ತಿದ್ದರು. ಆಮೇಲೆ ಯಾವ ಮನೆಯಲ್ಲೂ ಸೌದೆ, ಬೆಲ್ಟು ಹಿಡಿಸಲಿಲ್ಲ, ಒಂದು ಟವಲ್ ಕೊಡುತ್ತಿದ್ದರು.

ಅವರ ನಿಜವಾದ ಕೆಲಸ ಶುರುವಾದದ್ದು ನನ್ನ ಜೊತೆ. ಅಪ್ಪ ತಣ್ಣಗಾದರೂ ನಾನು ಕುದಿಯುತ್ತಲೇ ಇದ್ದೆ. ಶಾಲೆಯಲ್ಲಿ ಹುಡುಗಿಯೊಬ್ಬಳ ಹಲ್ಲು ಮುರಿದೆ. ಕೈಗೆ ಪ್ಲಾಸ್ಟರ್ ಕಟ್ಟಿಕೊಂಡೇ ಕೋಚಕ್ಕ ವಾರ ವಾರ ಬಂದು ಪಕ್ಕದಲ್ಲಿ ಕೂತು ಕಡಲೆಕಾಯಿ ಸುಲಿಸಿಕೊಂಡು ತಿನ್ನುತ್ತಿದ್ದರು. "ಸಿಟ್ಟು ನಿಂಗೆ ಎಲ್ಲಿಂದ ಅತ್ತದೆ? ಒಟ್ಟೆಯಿಂದನಾ, ಎದೆಯಿಂದನಾ?" ಯೋಚನೆ ಮಾಡಿ, ಕಿವಿ ಬಿಸಿಯಾಗುತ್ತದೆ ಎಂದೆ. "ಅಂಗಾರೆ ಕಿವಿ ಬಿಸಿ ಆಗ್ತಿದ್ದಂಗೆ ಆ ಜಾಗ ಬುಟ್ಟು ನಡಿ. ಯಾರ್ ಏನಾರ ಅನ್ಲಿ, ಎದ್ರುಪುಕ್ಕಲಿ ಅನ್ಲಿ, ನಡಿ." ನಾನೀಗ ಹುಣಸೂರು–ಎಚ್.ಡಿ. ಕೋಟೆ ದಾರಿಯ ಬಸ್ಸಿನಲ್ಲಿ ಕಂಡಕ್ಟರ್. ನನ್ನ ಕಿವಿ ದಿನಕ್ಕೆ ಎಷ್ಟು ಸಲ ಬಿಸಿಯಾಗುತ್ತದೆಂದು ನನಗೊಬ್ಬಳಿಗೇ ಗೊತ್ತು.

ಒಮ್ಮೆ ಕೇಳಿದ್ದೆ: "ಅಪ್ಪನ್ನ ಕ್ಷಮಿಸ್ಬೇಕಾ ಅಕ್ಕ?"

"ನಾನ್ಯಾಕೆ ಅಂಗೆ ಯೋಳ್ಲಿ? ಅದು ನಿನ್ನ ಮನ್ಸು. ಕೊಲ್ಬ್ಯಾಡ, ಅಷ್ಟೇ ನಾನ್ ಕೇಳದು."

ಎಂಥ ಹಗುರ ಆಯಿತು ಗೊತ್ತೇ ನನಗೆ! ಊರಿಗೆ ಊರೇ ಕ್ಷಮಿಸು, ಮರೆತುಬಿಡು ಎಂದು ತಲೆ ತಿನ್ನುತ್ತಿದ್ದಾಗ ಅವರೊಬ್ಬರೇ ನನ್ನ ಕೈಲಾಗುವುದನ್ನು ಕೇಳಿದರು.

ಹೋದ ವರ್ಷ ಕ್ಯಾನ್ಸರ್ ಅವರನ್ನು ಅರೆದುಬಿಟ್ಟಿತು. ಮೈಸೂರಿನ ಆಸ್ಪತ್ರೆಯಲ್ಲಿ ನೋಡಲು ಹೋದಾಗ ನನ್ನ ಕಾಲನ್ನೇ ನೋಡಿ ನಕ್ಕರು. "ಮೂಗು ಮುರ್ಕೊಂಡು ಅಷ್ಟು ವರ್ಷ ಆಡಿದ್ರೂ ಅಂಥ ಕ್ಯಾಚು ಇನ್ನೊಂದು ಇಡೀನಿಲ್ಲ ಕಣೆ." ನಾನು ಅವರ ಕೈ ಹಿಡಿದುಕೊಂಡು ಗೊಳೋ ಎಂದು ಅತ್ತೆ.

ಅವರು ಹೋದ ಸುದ್ದಿ ಫೋನಿನಲ್ಲಿ ಬಂದದ್ದು ನನ್ನ ರಜೆಯ ದಿನ. ಅಪ್ಪನಿಗೆ ಲಕ್ವ ಹೊಡೆದು ಬಲಗೈ ಬಿದ್ದುಹೋಗಿದೆ. ಗಡ್ಡ ಹೆರೆಯುವುದು ನನ್ನ ಪಾಲಿನ ಕೆಲಸ. ಅವ್ವ ಅದನ್ನು ಮುಟ್ಟುವುದಿಲ್ಲ. "ಅವನ ಕುತ್ಗೆ ತವ ಬ್ಲೇಡ್ ಇಡ್ಕಂಡು ನಾ ನಿಂತ್ಕಳಕ್ಕಿಲ್ಲ. ನನ್ ಕೈ ಮೇಲೆ ನಂಗೇ ನಂಬ್ಕೆ ಇಲ್ಲ," ಎನ್ನುತ್ತಾಳೆ, ತಮಾಷೆಗಲ್ಲ. ಸುದ್ದಿ ಕೇಳಿದ ಅಪ್ಪ ಸೊಟ್ಟ ಬಾಯಲ್ಲಿ, "ನನ್ನೂ ಕರ್ಕೊಂಡೋಗು, ಮಣ್ಣು ಆಕ್ಬೇಕು," ಎಂದ. ಅಂಗಳದಲ್ಲಿ ಕುರ್ಚಿ ಹಾಕಿ ಕೂರಿಸಿ ಸೋಪು ಹಚ್ಚಿದೆ. ಅವನು ತಲೆ ಹಿಂದಕ್ಕೆ ಚೆಲ್ಲಿ, ಕತ್ತು ಒಡ್ಡಿ, ಕಣ್ಣು ಮುಚ್ಚಿದ. ಬ್ಲೇಡು ಗಂಟಲ ಹತ್ತಿರ ಬಂದಾಗ ಅವನಿಗೆ ಅಳು ಬಂತು. "ಆಯಮ್ಮ ಆವತ್ತು ನಿನ್ ಕಾಲು ಇಡೀದೆ ಓಗಿದ್ರೆ..." ಎಂದು ಬಿಕ್ಕತೊಡಗಿದ. ಗಂಟಲಗಂಟು ಬ್ಲೇಡಿನ ಕೆಳಗೆ ಏರಿಳಿಯುತ್ತಿತ್ತು.

"ಅಳ್ಳಾಡ್ಬ್ಯಾಡ ಕಣಪ್ಪ, ಕುಯ್ದೋಯ್ತದೆ," ಎಂದು ಎಡಗೈಯಿಂದ ಅವನ ಹಣೆಯನ್ನು ಒತ್ತಿ ಹಿಡಿದು, ಅವನ ಅಳು ನಿಲ್ಲುವವರೆಗೂ ಕಾದೆ.