ಟ್ರಾಕ್ಟರಿನಿಂದ ಎಳೆದ ಕಬ್ಬು

ಚೀನಾದಲ್ಲಿ ಅಕ್ಟೋಬರ್ ಮೊದಲ ವಾರ ಇಡೀ ದೇಶಕ್ಕೆ ರಜೆ. ನಾನು ಅಲ್ಲಿ ಮೆಡಿಕಲ್ ಓದುತ್ತಿದ್ದಾಗ, ಆ ರಜೆಗೆ ಹಾಸ್ಟೆಲಿನ ಹುಡುಗಿಯರೆಲ್ಲ ಪೆಟ್ಟಿಗೆ ಎಳೆದುಕೊಂಡು ಊರಿಗೆ ಹೋದರು. ನಾನೊಬ್ಬಳೇ ಉಳಿದೆ. ಮನೆಗೆ ಫೋನ್ ಮಾಡಿದರೆ ಅತ್ತೇಬಿಡುತ್ತೇನೆಂದು ಮಾಡಲಿಲ್ಲ. ಮಾತಿಲ್ಲದೆ ಬಾಯೆಲ್ಲ ಒಣಗಿದಂತಾಯಿತು. ಇಲ್ಲೇ ಕೂತರೆ ಹುಚ್ಚು ಹಿಡಿಯುತ್ತದೆ, ಜನ ಇರುವ ಕಡೆ ಹೋಗಿ ಒಬ್ಬರ ಹತ್ತಿರವಾದರೂ ಬಾಯ್ತುಂಬ ಮಾತಾಡಿ ಬರೋಣ ಎಂದು ಬಸ್ಸು ಹತ್ತಿ ಜಲಪಾತ ನೋಡಲು ಹೊರಟೆ.

ನಮ್ಮ ಕಡೆ ಮಾತಿಗೆ ಇಷ್ಟು ದೂರ ಹೋಗಬೇಕಾಗಿಲ್ಲ. ಶ್ರೀರಂಗಪಟ್ಟಣದ ಸಂಗಮದ ಮೆಟ್ಟಿಲ ಮೇಲೆ ಒಬ್ಬಳೇ ಕೂತು ನೋಡಿ, ಪಕ್ಕದಲ್ಲಿ ಬಟ್ಟೆ ಹಿಂಡುತ್ತಿರುವ ಹೆಂಗಸು ಕೇಳಿಯೇ ಕೇಳುತ್ತಾಳೆ: "ಯಾವೂರವ್ವಾ? ಒಬ್ಳೇ ಬಂದ್ಬುಟ್ಟಿದ್ದೀಯಲ್ಲ?" ನಮ್ಮೂರು ಕಿಕ್ಕೇರಿ ಅಂದರೆ ಸಾಕು, ಅವಳ ನಾದಿನಿಯನ್ನು ಅಲ್ಲಿಗೇ ಕೊಟ್ಟಿರುತ್ತಾರೆ. ಮೊದಲೆಲ್ಲ ನನಗೆ ಇದು ತಲೆನೋವು. ನಿಮಗ್ಯಾಕ್ರೀ ಅನ್ನಬೇಕೆನಿಸುತ್ತಿತ್ತು.

ಜಲಪಾತದ ಹತ್ತಿರ ಕಾಲಿಡಲು ಜಾಗವಿರಲಿಲ್ಲ. ಎಲ್ಲರೂ ಸಂಸಾರ ಸಮೇತ. ನಾನು ಒಂಟಿಯೆಂದು ಕಂಡ ಕೂಡಲೇ ನಗುತ್ತಾ ಬಂದು ಫೋನು ಕೈಗೆ ಕೊಡುತ್ತಿದ್ದರು. ಫೋಟೊ ತೆಗೆದೆ, ಕೈ ಬೀಸಿ ಹೋದರು. ಇನ್ನೊಂದು ಸಂಸಾರ ಬಂತು. ಮಧ್ಯಾಹ್ನದವರೆಗೆ ಅದೇ ಕೆಲಸ. ನಿನ್ನದೊಂದು ತೆಗೆಯಲಾ ಎಂದು ಒಬ್ಬರೂ ಸನ್ನೆ ಸಹ ಮಾಡಲಿಲ್ಲ. ಅಳು ಬಂತು, ಸಿಟ್ಟೂ ಬಂತು. ನೀರನ್ನು ಸರಿಯಾಗಿ ನೋಡದೆಯೇ ಬಸ್ ಸ್ಟ್ಯಾಂಡಿನ ಕಡೆ ವಾಪಸು ನಡೆದೆ.

ರಸ್ತೆ ತುಂಬ ಬಸ್ಸು ಕಾರು ಸಿಕ್ಕಿಹಾಕಿಕೊಂಡಿದ್ದವು. ನಡುವೆ ಕಬ್ಬು ತುಂಬಿದ ಟ್ರಾಕ್ಟರೊಂದು ತೆವಳುತ್ತಿತ್ತು. ಕೆ.ಆರ್. ಪೇಟೆ ರಸ್ತೆಯಲ್ಲಿ ಸ್ಕೂಲಿಗೆ ನಡೆದು ಬೆಳೆದವಳಿಗೆ ಅದನ್ನು ಕಂಡರೆ ಕೈ ಸುಮ್ಮನಿರುತ್ತದೆಯೇ? ಹಿಂದಿನಿಂದ ಓಡಿ ಒಂದು ಜಲ್ಲೆ ಹಿಡಿದು ಎಳೆದೇಬಿಟ್ಟೆ. ನಮ್ಮಲ್ಲಿ ಇದನ್ನು ಯಾರೂ ಕಳ್ಳತನ ಅನ್ನುವುದಿಲ್ಲ. ಡ್ರೈವರು ತಿರುಗಿ, "ಲೇ, ಚಕ್ರುಕ್ಕೆ ಸಿಕ್ಕೊಂಡ್ಬುಟ್ಟೀರ ಕಣ್ರಲಾ!" ಎಂದು ಕೂಗುತ್ತಾನೆ, ಅಷ್ಟೆ.

ಈ ಡ್ರೈವರು ಇಳಿದೇ ಬಂದ. ನಮ್ಮಪ್ಪನ ವಯಸ್ಸಿನವನು. ಜನವೆಲ್ಲ ನೋಡುತ್ತಿರುವಾಗ ಒಂದೇ ಸಮ ಬೈದ. ನನಗೆ ಮಾನ ಹೋದಂತಾಗಿ, ಕಲಿತಿದ್ದ ನಾಲ್ಕು ಚೀನೀ ಮಾತೂ ಮರೆತು, "ತಪ್ಪಾಯ್ತಣ್ಣ, ನಮ್ಮೂರಲ್ಲಿ ಇಂಗೇ ಎಳ್ಕೊತೀವಿ, ಯಾರೂ ಏನೂ ಅನ್ನಲ್ಲ ಕಣಣ್ಣ" ಎಂದೆ. ಅವನು ಕಬ್ಬು ಕಿತ್ತುಕೊಳ್ಳಲಿಲ್ಲ. ಚಕ್ರ ತೋರಿಸಿದ, ನನ್ನ ಕಾಲು ತೋರಿಸಿದ, ಮತ್ತೆ ಚಕ್ರ ತೋರಿಸಿ ತಲೆ ಚಚ್ಚಿಕೊಂಡ. ಅವನು ಬೈಯುತ್ತಿದ್ದುದು ಕಬ್ಬಿಗಲ್ಲವೆಂದು ಆಗ ಗೊತ್ತಾಯಿತು. ನನಗೆ ತಡೆಯಲಾಗಲಿಲ್ಲ. ಹಾಸ್ಟೆಲು ಖಾಲಿಯಾದದ್ದು, ಬೆಳಗಿನಿಂದ ಕಂಡವರ ಫೋಟೊ ತೆಗೆದದ್ದು, ಎಲ್ಲವನ್ನೂ ಕನ್ನಡದಲ್ಲೇ ಹೇಳತೊಡಗಿದೆ. ಅವನು ತನ್ನ ಭಾಷೆಯಲ್ಲಿ ಬೈಯುತ್ತಲೇ ಇದ್ದ.

ಅಷ್ಟರಲ್ಲಿ ಮುಂದೆ ದಾರಿ ಬಿಟ್ಟಿತು. ಹಿಂದಿನವರು ಹಾರನ್ನು ಒತ್ತಿದರು. ಕಬ್ಬನ್ನು ನನ್ನ ಕೈಯಲ್ಲೇ ಬಿಟ್ಟು ಅವನು ಹತ್ತಿ ಕೂತ.

"ಇನ್ನೂ ವಸಿ ಬೈಯಣ್ಣ" ಎಂದೆ. ಟ್ರಾಕ್ಟರು ಆಗಲೇ ಹೊರಟಿತ್ತು.